ಹೆಸರಾಂತ ಎಂಬ ಒಂದು ಪದ

ವೆಲಿಚ್ಕಾಳ ಮೇಜಿನ ಖಾನೆಯಲ್ಲಿ ನಾಲ್ಕು ಹಾಳೆಗಳ ಒಂದು ಪಟ್ಟಿಯಿತ್ತು. ಪ್ರತಿ ವರ್ಷ ಕಮ್ಯುನಿಸ್ಟ್ ಪಕ್ಷದ ಜಿಲ್ಲಾ ಸಮಿತಿಯಿಂದ ಹೊಸದಾಗಿ ಬರುತ್ತಿತ್ತು. ಡಾನ್ಯೂಬ್ ದಡದ ಆ ಊರಿನಲ್ಲಿ ಯಾರನ್ನು ಯಾವ ಪದದಿಂದ ಹೊಗಳಬಹುದು ಎಂಬುದು ಅದರಲ್ಲಿ ನಿರ್ಧಾರವಾಗಿರುತ್ತಿತ್ತು. 'ಮಹಾನ್' ಎನಿಸಿಕೊಳ್ಳಬೇಕಾದರೆ ಸತ್ತಿರಬೇಕಿತ್ತು, ಅದೂ ಪಕ್ಷಕ್ಕಾಗಿ. ಪದಕ ಬಂದವರು 'ಹೆಸರಾಂತ'ರು. ಪದಕದ ಸಾಲಿನಲ್ಲಿ ನಿಂತವರು 'ಗಣ್ಯ'ರು. ಮಿಕ್ಕವರಿಗೆಲ್ಲ ಬರಿಯ ಕಸುಬಿನ ಹೆಸರು. ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ವೆಲಿಚ್ಕಾ ಹದಿನಾಲ್ಕು ವರ್ಷದಿಂದ ಪಟ್ಟಿ ನೋಡಿಕೊಂಡೇ ಹೊಗಳಿಕೆಯನ್ನು ಅಳೆದು ಹಾಕುತ್ತಿದ್ದಳು. ಒಮ್ಮೆಯೂ ಅಳತೆ ತಪ್ಪಿರಲಿಲ್ಲ.

1974ರ ನವೆಂಬರಿನ ಒಂದು ಬೆಳಿಗ್ಗೆ ಬಂದ ಕರಡಿನ ಮೂಲೆಯಲ್ಲಿ ಒಂದೂವರೆ ಸಾಲಿತ್ತು: 'ಸಂಗೀತ ಶಿಕ್ಷಕ ಖರಲಾಂಪಿ ಜೆಚೆವ್ ನಿಧನರಾಗಿದ್ದಾರೆ. ಅಂತ್ಯಕ್ರಿಯೆ ಗುರುವಾರ.'

ಊರಿನ ಅರ್ಧ ಜನಕ್ಕೆ ಹಾಡು ಕಲಿಸಿದ ಮೇಷ್ಟ್ರು. ಹಳ್ಳಿಯಿಂದ ಬಂದ ತಬ್ಬಲಿ ವೆಲಿಚ್ಕಾಳನ್ನು ತಮ್ಮ ಗಾಯನವೃಂದಕ್ಕೆ ಸೇರಿಸಿಕೊಂಡು, ಹಾಡಿನ ಸಾಲುಗಳನ್ನು ನೂರು ಸಲ ಬರೆಸಿ ಕಾಗುಣಿತ ತಿದ್ದಿ, ಈ ಕೆಲಸಕ್ಕೆ ಶಿಫಾರಸು ಬರೆದುಕೊಟ್ಟವರೂ ಅವರೇ. ಅವರ ತಮ್ಮ ಒಬ್ಬ ಗಡಿ ದಾಟಿ ಯುಗೊಸ್ಲಾವಿಯಾಕ್ಕೆ ಓಡಿಹೋದದ್ದೇ ಮೇಷ್ಟ್ರ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ವೃಂದವೂ ಕೈತಪ್ಪಿ ಜಿಲ್ಲಾ ಕಾರ್ಯದರ್ಶಿಯ ಭಾವಮೈದುನ ಬೊಜ್ಕೊವ್‌ನ ಪಾಲಾಯಿತು. ಅದೇ ಪುಟದ ನೆತ್ತಿಯ ಮೇಲೆ ಬೊಜ್ಕೊವ್‌ನ ಚಿತ್ರವಿತ್ತು. ಐವತ್ತು ತುಂಬಿದ 'ಹೆಸರಾಂತ ಸಂಗೀತಗಾರ.'

ವೆಲಿಚ್ಕಾ ಕರಡು ಹಿಡಿದು ಸಂಪಾದಕ ಮಿಂಚೆವ್‌ನ ಕೋಣೆಗೆ ಹೋದಳು.

"ಕಾಮ್ರೇಡ್, ಮೇಷ್ಟ್ರಿಗೂ ಹೆಸರಾಂತ ಅಂತ ಸೇರಿಸ್ಲಾ? ಇಡೀ ಊರಿಗೇ ಗೊತ್ತಿದ್ದೋರು."

"ಊರಿಗೇ ಗೊತ್ತಿದ್ಮೇಲೆ ನಾವ್ಯಾಕಮ್ಮ ಹೇಳ್ಬೇಕು?" ಮಿಂಚೆವ್ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ದನಿ ತಗ್ಗಿಸಿದ. "ನಾನೂ ಅವರ ಹತ್ರ ಹಾಡಿದೋನೇ ಕಣಮ್ಮ. ಹೊಟ್ಟೆ ಉರಿಯುತ್ತೆ. ಏನ್ಮಾಡೋದು, ಹೋಗಿ ಕೂತ್ಕೋ."

ಅವಳು ಹೋಗಿ ಕೂತಳು. ಕೆಂಪು ಪೆನ್ನು ತೆಗೆದು ಅಂಚಿನಲ್ಲಿ ಆ ಪದ ಬರೆದಳು. ಅಚ್ಚಿನ ಮೊಳೆ ಜೋಡಿಸುವವನು ಕರಡನ್ನೂ ಅವಳ ಮುಖವನ್ನೂ ಒಮ್ಮೆ ನೋಡಿ ಆ ಪದವನ್ನು ಜೋಡಿಸಿದ.

ಗುರುವಾರ ಸ್ಮಶಾನದಲ್ಲಿ ಮುದುಕಿಯರು ಪತ್ರಿಕೆಯಿಂದ ಆ ಸುದ್ದಿಯನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡಿದ್ದರು. ಶುಕ್ರವಾರ ಮಿಂಚೆವ್ ಕರೆಸಿದ. ಅವನ ಮುಖ ಬಿಳಿಚಿತ್ತು.

"ಮೊಳೆ ಜೋಡಿಸೋನ ತಪ್ಪು ಅಂತ ಬರ್ಕೊಡು. ಅವನಿಗೆ ಹೆಚ್ಚೆಂದ್ರೆ ಬೈಗುಳ ಬೀಳುತ್ತೆ."

"ಅಕ್ಷರ ನಂದು."

"ನಿನ್ನ ಅಕ್ಷರ ನಂಗೊತ್ತಿಲ್ವಾ? ಮಹಾ ಧೈರ್ಯವಂತೆ! ನಾನು ಏನಂತ ಉತ್ತರ ಕೊಡ್ಲಿ ಮೇಲಿನೋರಿಗೆ?"

ಅವಳು ಬರೆದುಕೊಡಲಿಲ್ಲ.

ಮರುದಿನ ಮೇಷ್ಟ್ರ ಮಗಳು ದೋಚ್ಕಾ ಕಪ್ಪು ತಲೆವಸ್ತ್ರ ಕಟ್ಟಿಕೊಂಡು ಕಚೇರಿಗೇ ಬಂದಳು. ಧನ್ಯವಾದ ಹೇಳಲು ಬಂದಳೆಂದುಕೊಂಡು ವೆಲಿಚ್ಕಾ ಎದ್ದು ಅವಳ ಎರಡೂ ಕೈ ಹಿಡಿದುಕೊಂಡಳು. ದೋಚ್ಕಾ ಬಿಡಿಸಿಕೊಂಡಳು.

"ನಿನ್ನ ಕೇಳಿದ್ದು ಯಾರು ವೆಲಿಚ್ಕಕ್ಕಾ?"

"ಏನನ್ನ?"

"ನನ್ನ ಮಗನಿಗೆ ಈಗಷ್ಟೇ ಸೋಫಿಯಾದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ನಿನ್ನೆ ಪೊಲೀಸರು ನನ್ನ ಕರೆಸಿ ಎರಡು ತಾಸು ಕೂರಿಸಿಕೊಂಡ್ರು. ಈ ಪದ ನೀವೇ ಹಾಕ್ಸಿದ್ದಾ, ಓಡಿಹೋದ ಚಿಕ್ಕಪ್ಪ ಕಾಗದ ಬರೀತಾನಾ, ಎಲ್ಲಾ ಕೇಳಿದ್ರು."

"ನಿಮ್ಮಪ್ಪ ಆ ಪದಕ್ಕೆ ತಕ್ಕೋರಲ್ವೇನೇ?"

"ತಕ್ಕೋರೋ ಅಲ್ವೋ, ಅವರು ಮಣ್ಣಿಗೆ ಹೋದ್ರು. ಬದುಕಬೇಕಾದೋರು ನಾವು." ಆ ಪದ ಹಿಂಪಡೆಯಬೇಕೆಂದು ಬರೆದ ಒಂದು ಕಾಗದವನ್ನು ಅವಳು ಮೇಜಿನ ಮೇಲಿಟ್ಟಳು. "ನಿಂಗೇನು, ಮಕ್ಕಳಾ ಮರಿಯಾ!"

ಬಾಗಿಲು ಬಡಿದುಕೊಂಡ ಮೇಲೂ ವೆಲಿಚ್ಕಾ ನಿಂತೇ ಇದ್ದಳು. ಕೊನೆಯ ಮಾತು ಎಲ್ಲಕ್ಕಿಂತ ಆಳಕ್ಕೆ ಇಳಿದಿತ್ತು.

ಸೋಮವಾರದ ಪತ್ರಿಕೆಗೆ ತಿದ್ದುಪಡಿ ಸಿದ್ಧವಾಯಿತು: 'ಖ. ಜಚೆವ್ ಅವರನ್ನು ಹೆಸರಾಂತ ಎಂದು ಕರೆದಿದ್ದು ತಪ್ಪು. ಕುಟುಂಬದವರ ಕೋರಿಕೆಯಂತೆ ಆ ಪದವನ್ನು ಹಿಂಪಡೆಯಲಾಗಿದೆ.' ವೆಲಿಚ್ಕಾಳನ್ನು ಕೆಲಸದಿಂದ ತೆಗೆಯುವುದೆಂದು ಆಗಲೇ ತೀರ್ಮಾನವಾಗಿತ್ತು; ಅವಳ ಬದಲಿಗೆ ಇನ್ನೂ ಯಾರೂ ಬಂದಿರಲಿಲ್ಲವಾದ್ದರಿಂದ ಆ ಕರಡೂ ಅವಳ ಮೇಜಿಗೇ ಬಂತು. ಮೇಷ್ಟ್ರ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. 'ಜೆ' ಎಂದು ತಿದ್ದಿ ಸಹಿ ಹಾಕಿದಳು.

ಆ ವಾರವೇ ಅವಳನ್ನು ಡಬ್ಬಿ ಆಹಾರದ ಕಾರ್ಖಾನೆಗೆ ಕಳಿಸಿದರು. ದಪ್ಪ ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆಯುವ ಕೆಲಸ. ನಿವೃತ್ತಿಯವರೆಗೂ ಅದನ್ನೇ ಮಾಡಿದಳು.

ಸರ್ಕಾರ ಉರುಳಿ ನಾಲ್ಕೈದು ವರ್ಷವಾದ ಮೇಲೆ ಊರಿನ ಸಂಗೀತ ಶಾಲೆಗೆ ಮೇಷ್ಟ್ರ ಹೆಸರಿಟ್ಟರು. ವೆಲಿಚ್ಕಾ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಭಾಷಣ ಮಾಡಿದವನು ಮಿಂಚೆವ್. ಈಗ ಸಾಂಸ್ಕೃತಿಕ ಸಂಘದ ಅಧ್ಯಕ್ಷ. 'ಮಹಾನ್ ಚೇತನ' ಎಂದ, 'ಅಜರಾಮರ' ಎಂದ, 'ಪ್ರಾತಃಸ್ಮರಣೀಯ' ಎಂದ. ಒಂದು ಪದಕ್ಕೆ ಗತಿಯಿಲ್ಲದಿದ್ದ ಮೇಷ್ಟ್ರ ಮೇಲೆ ಪದಗಳ ರಾಶಿಯೇ ಸುರಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹೊರಗೆ ಹೋಗುವಾಗ ದೋಚ್ಕಾ ಎದುರಾದಳು. ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಬೇಡವಾಯಿತೋ.

"ಅಪ್ಪನ ಶಿಷ್ಯೆಯಾ ನೀವು?"

"ಹೌದು. ಪತ್ರಿಕೆಯಲ್ಲಿದ್ದೆ."

"ಆ ಪತ್ರಿಕೆಯೋರು ನಮ್ಮಪ್ಪನಿಗೆ ಮಾಡಿದ ಅವಮಾನ ಅಷ್ಟಿಷ್ಟಲ್ಲ ಕಣ್ರೀ. ಸತ್ತಾಗ ಒಂದು ಒಳ್ಳೇ ಮಾತು ಬರೀಲಿಲ್ಲ." ದೋಚ್ಕಾಳ ಕಣ್ಣು ನಿಜವಾಗಿಯೂ ತುಂಬಿಬಂದಿತ್ತು.

ವೆಲಿಚ್ಕಾ ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಫೋಟೊಗೆ ಕರೆದರು. ದೋಚ್ಕಾ ಕಣ್ಣೊರೆಸಿಕೊಂಡು ಮಿಂಚೆವ್‌ನ ಪಕ್ಕ ಹೋಗಿ ನಿಂತಳು. ವೆಲಿಚ್ಕಾ ಕೋಟಿನ ಗುಂಡಿ ಹಾಕಿಕೊಂಡು ಬಸ್ಸಿನ ನಿಲ್ದಾಣದ ಕಡೆ ನಡೆದಳು.