ಬಲ, ಬಲಿಪು

ಜಯಶೀಲ ಶೆಟ್ಟರು ತೀರಿಕೊಂಡು ಹದಿನೆಂಟು ದಿನವಾಗಿತ್ತು. ವಾಶಿಯಲ್ಲಿ ಹೋಟೆಲ್ ನಡೆಸುತ್ತ ನಾಲ್ಕು ಭಾಷೆಯಲ್ಲಿ ಬೈಯಬಲ್ಲವರಾಗಿದ್ದ ಆ ಮನುಷ್ಯ, ತಮ್ಮ ನಾಯಿಯ ಹತ್ತಿರ ತುಳು ಬಿಟ್ಟು ಬೇರೆ ಆಡಿದವರೇ ಅಲ್ಲ. ಬೊಗ್ಗುವಿಗೆ ಹಿಂದಿ, ಮರಾಠಿ, ಕನ್ನಡ ಎಲ್ಲ ಬರೀ ಗದ್ದಲ. 'ಬಲ' ಅಂದರೆ ಬಾ, 'ಬಲಿಪು' ಅಂದರೆ ಓಡು. ಅದರ ವಿದ್ಯೆ ಇಷ್ಟೇ.

ಈಗ ಅದು ಬಾಗಿಲ ಬುಡದಲ್ಲಿ ಬಿದ್ದುಕೊಂಡು ಅನ್ನ ಮುಟ್ಟುತ್ತಿರಲಿಲ್ಲ. ಕೆಳಗಿನ ಫ್ಲ್ಯಾಟಿನ ಸಿದ್ದಲಿಂಗಪ್ಪನಿಗೆ ನೋಡಲಾಗಲಿಲ್ಲ. ಸಾನಪಾಡಾದ ನಾಯಿ ಪಾರ್ಕಿನಲ್ಲಿ ದಿನಾ ಸಂಜೆ ಶೆಟ್ಟರ ಪಕ್ಕ ಕೂತು ಹರಟಿದವನು ಅವನು.

"ಅಕ್ಕಾರ, ನಾ ಕರ್ಕೊಂಡ್ ಹೋಗ್ತೀನ್ರಿ. ಬೆಲ್ಟ್ ಬಿಚ್ಚಿ ಎರಡ್ ಸುತ್ತ ಓಡಿಸಿದ್ರ ಹೊಟ್ಟಿ ಹಸೀತೈತಿ."

"ಜಾಗ್ರತೆ ಮಾರಾಯ್ರೆ," ಎಂದಳು ಶೆಟ್ಟರ ಹೆಂಡತಿ ಹರಿಣಾಕ್ಷಿ. "ಅವರದ್ದು ಅಂತ ನನಗೆ ಉಳಿದದ್ದು ಇದೊಂದೇ. 'ಬಲ' ಅಂತ ಕರೀರಿ, ಬರ್ತದೆ."

"ಆರ್ ವರ್ಷ ಕೇಳೀನ್ರಿ. ನನಗ ಗೊತ್ತಿಲ್ಲೇನು?"

ಗೊತ್ತಿತ್ತಂತೆ, ಪಾಪ! ಶೆಟ್ಟರು ಚೆಂಡು ಎಸೆದು ಒಂದು ಕೂಗುತ್ತಿದ್ದರು, ತರಿಸಿಕೊಳ್ಳಲು ಇನ್ನೊಂದು. ವಿಜಯಪುರದವನಾದ ಸಿದ್ದಲಿಂಗಪ್ಪನ ಕಿವಿಗೆ ಎರಡೂ ಒಂದೇ ಆಗಿ ಕೂತಿದ್ದವು.

ಪಾರ್ಕಿಗೆ ಎರಡು ಗೇಟು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆಗೆಯಬೇಕೆಂದು ದೊಡ್ಡಕ್ಷರದಲ್ಲಿ ಬೋರ್ಡಿದೆ. ಓದುವವರು ಯಾರು? ಆ ಸಂಜೆ ಒಬ್ಬ ಹುಡುಗಿ ಎರಡನ್ನೂ ಹಾರು ಹೊಡೆದು ನಿಲ್ಲಿಸಿ, ನಡುವೆ ತನ್ನ ಪಗ್ ನಾಯಿಯ ಫೋಟೊ ತೆಗೆಯುತ್ತಿದ್ದಳು. ಬೆಲ್ಟ್ ಬಿಚ್ಚಿದ್ದೇ ತಡ, ಬೊಗ್ಗು ಅವಳ ಕಾಲ ಸಂದಿಯಲ್ಲಿ ನುಸುಳಿ ಹೊರಗೆ ಹೋಯಿತು. ರಸ್ತೆಯ ಆಚೆ ಬಿಳಿ ಅಂಗಿಯವನೊಬ್ಬ ನಡೆದು ಹೋಗುತ್ತಿದ್ದ. ಶೆಟ್ಟರೂ ಬಿಳಿಯನ್ನೇ ಹಾಕುತ್ತಿದ್ದರು.

"ಪಕಡೋ ಅಂಕಲ್!" ಎಂದು ಹುಡುಗಿ ಕಿರುಚಿದಳು.

ಫುಟ್‌ಪಾತಿನ ಅಂಚಿಗೆ ಹೋಗಿ ನಾಯಿ ನಿಂತಿತು. ಹೌದು, ನಿಂತಿತು. ತಿರುಗಿ ಸಿದ್ದಲಿಂಗಪ್ಪನ ಮುಖ ನೋಡಿತು. ಅವನು ಎದೆ ಬಿರಿಯುವ ಹಾಗೆ ಕೂಗಿದ:

"ಬಲಿಪು! ಬೊಗ್ಗೂ, ಬಲಿಪು!"

ಹದಿನೆಂಟು ದಿನದ ಮೇಲೆ ಗಂಡಸಿನ ದನಿಯಲ್ಲಿ ತನ್ನ ಭಾಷೆ ಕೇಳಿದ ನಾಯಿ ಬಾಲ ಅಲ್ಲಾಡಿಸಿ, ಹೇಳಿದಂತೆ ಓಡಿತು. ನೀರಿನ ಟ್ಯಾಂಕರ್ ಬ್ರೇಕ್ ಹಾಕುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಯಿ ಓಡಿದ್ದನ್ನು ಕಂಡ ಮೇಲೆಯೇ ಅವನಿಗೆ ತಾನು ಅಂದದ್ದೇನೆಂದು ತಿಳಿದದ್ದು. ಅಯ್ಯೋ ಶಿವನೇ, ಒಂದು ಕ್ಷಣ ಮೊದಲು ತಿಳಿಯಬಾರದಿತ್ತೇ!

ಅಂಗಿ ಬಿಚ್ಚಿ ನಾಯಿಯನ್ನು ಅದರಲ್ಲೇ ಸುತ್ತಿ, ಬನಿಯನ್ನಿನಲ್ಲೇ ಮೆಟ್ಟಿಲು ಹತ್ತಿ ಬಂದ. ಹರಿಣಾಕ್ಷಿ ಗಂಟನ್ನು ನೋಡಿದಳು.

"ಕರೀಲಿಲ್ವಾ ನೀವು?"

"ಕರದೇರಿ."

"ಕರೆದ್ರೂ ಬರ್ಲಿಲ್ವಾ?"

ಹೇಳಿಬಿಡಬೇಕೆಂದು ಅವನು ಬಾಯಿ ತೆರೆದ. ಹೇಳಲೇಬೇಕಿತ್ತು.

"ಎಷ್ಟ್ ಕರದ್ರೂ ಬರ್ಲಿಲ್ರಿ," ಎಂದ.

ಹರಿಣಾಕ್ಷಿ ಕುಸಿದು ಕೂತು, ಸತ್ತ ನಾಯಿಯ ಬೆನ್ನಿಗೆ ಪಟಪಟನೆ ಹೊಡೆದಳು. "ದರಿದ್ರದವನೇ, ಹೇಳಿದ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?" ಎಂದು ಗೋಳೋ ಎಂದು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಅಳುತ್ತ ನಿಂತಿದ್ದ ಅವನನ್ನು ತಾನೇ ಸಮಾಧಾನ ಮಾಡಿದಳು. "ನೀವು ಅಳ್ಬೇಡಿ. ನಿಮ್ಮದೇನು ತಪ್ಪು? ಇದಕ್ಕೇ ಬುದ್ಧಿ ಇರ್ಲಿಲ್ಲ."

"ಹೌದ್ರಿ," ಎಂದ ಸಿದ್ದಲಿಂಗಪ್ಪ.