ಎಂಟು ಬ್ಯಾಡ್ಜು, ಎಂಟೂ ಸೊನ್ನೆ

ಸುಪ್ರಜಾಳಿಗೆ ಮೊದಲು ಅನುಮಾನ ಬಂದದ್ದು ಸೊನ್ನೆಗಳನ್ನು ನೋಡಿ.

ಮುಂಬಯಿಯ ಅಣುಶಕ್ತಿ ನಿಯಂತ್ರಣ ಮಂಡಳಿಯಲ್ಲಿ ಅವಳದು ಇನ್‌ಸ್ಪೆಕ್ಟರ್ ಕೆಲಸ. ವಿಕಿರಣ ಸೂಸುವ ವಸ್ತು ಇಟ್ಟುಕೊಂಡ ಕಂಪನಿಗಳು ತಮ್ಮ ಕೆಲಸಗಾರರ ಎದೆಗೆ ಒಂದು ಪುಟ್ಟ ಫಿಲ್ಮ್ ಬ್ಯಾಡ್ಜು ಸಿಕ್ಕಿಸಬೇಕು, ತಿಂಗಳಿಗೊಮ್ಮೆ ಅದನ್ನು ಮುಂಬಯಿಗೆ ಕಳಿಸಬೇಕು. ಫಿಲ್ಮು ಎಷ್ಟು ಕಪ್ಪಾಗಿದೆ ಅನ್ನುವುದರ ಮೇಲೆ ಯಾರ ಮೈಗೆ ಎಷ್ಟು ತಾಗಿದೆ ಅಂತ ಗೊತ್ತಾಗುತ್ತದೆ. ೧೯೯೯ರ ಜುಲೈನಲ್ಲಿ ಬೆಂಗಳೂರು ಚಾಮರಾಜಪೇಟೆಯ ‘ಶುಭೋದಯ ವೆಲ್ಡ್ ಟೆಸ್ಟಿಂಗ್’ ಅನ್ನುವ ಕಂಪನಿಯ ಫೈಲು ಅವಳ ಮೇಜಿಗೆ ಬಂತು. ಎಂಟು ಜನ ಕೆಲಸಗಾರರು. ಎರಡು ವರ್ಷ. ಪ್ರತಿ ತಿಂಗಳೂ ಎಂಟೂ ಬ್ಯಾಡ್ಜಿನಲ್ಲಿ ಸೊನ್ನೆ.

ಜತೆಯವರು, ಸೊನ್ನೆ ಬಂದರೆ ಸಂತೋಷಪಡಬೇಕಲ್ಲವೇ ಎಂದು ನಕ್ಕರು. ಅವಳು ನಗಲಿಲ್ಲ. ಎಷ್ಟೇ ಎಚ್ಚರದಿಂದ ಕೆಲಸ ಮಾಡಿದರೂ ಬ್ಯಾಡ್ಜಿನಲ್ಲಿ ಚೂರುಪಾರಾದರೂ ಬರಬೇಕು. ಬಂದೇ ಇಲ್ಲ ಅಂದರೆ ಬ್ಯಾಡ್ಜು ಕೆಲಸಕ್ಕೇ ಹೋಗಿಲ್ಲ. ಮೇಲಿನವರಿಂದ ಅನುಮತಿ ತೆಗೆದುಕೊಂಡು, ಕಂಪನಿಗೆ ಒಂದು ಮಾತೂ ತಿಳಿಸದೆ, ಆಗಸ್ಟಿನ ಮೊದಲ ಸೋಮವಾರ ರೈಲು ಇಳಿದಳು.

ಮಲ್ಲೇಶ್ವರದ ತವರಿನಲ್ಲಿ ಸ್ನಾನ ಮುಗಿಸಿ, ಅಮ್ಮ ಕೊಟ್ಟ ಎರಡು ದೋಸೆ ತಿಂದು ಹತ್ತು ಗಂಟೆಗೆಲ್ಲ ಚಾಮರಾಜಪೇಟೆಯಲ್ಲಿದ್ದಳು. ಹಳೇ ಹೆಂಚಿನ ಮನೆಯೊಂದನ್ನು ಆಫೀಸು ಮಾಡಿಕೊಂಡಿದ್ದರು. ಯಜಮಾನ ಮಹಾನಂದ ಐವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಬಿಳಿ ಷರಟು, ತಗ್ಗಿದ ದನಿ. ಗುರುತಿನ ಚೀಟಿ ನೋಡಿ ಎದ್ದು ನಿಂತರು.

“ಮೊದ್ಲೇ ಒಂದು ಫೋನ್ ಮಾಡಿದ್ರೆ ಸ್ಟೇಷನ್‌ಗೆ ಕಾರು ಕಳಿಸ್ತಿದ್ದೆ ಮೇಡಂ. ಬನ್ನಿ, ಕಾಫಿ ತರಿಸ್ತೀನಿ.”

“ಕೆಲಸ ಮುಗೀಲಿ ಸರ್. ಕ್ಯಾಮೆರಾ ಎಲ್ಲಿದೆ ತೋರಿಸಿ.”

ಕ್ಯಾಮೆರಾ ಅಂದರೆ ಫೋಟೋ ತೆಗೆಯುವುದಲ್ಲ. ಒಬ್ಬ ಆಳು ತ್ರಾಸಪಟ್ಟು ಎತ್ತಬೇಕಾದ ಲೋಹದ ಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಇರಿಡಿಯಂ, ವಿಕಿರಣ ಸೂಸುವ ಲೋಹ. ಹ್ಯಾಂಡಲ್ ತಿರುಗಿಸಿದರೆ ಆ ಕಾಳು ಒಂದು ಕೊಳವೆಯೊಳಗೆ ಸಾಗಿ ಹೊರಗೆ ಬರುತ್ತದೆ. ಬಾಯ್ಲರಿನ, ಪೈಪಿನ ಬೆಸುಗೆಯಲ್ಲಿ ಬಿರುಕಿದ್ದರೆ ಎಕ್ಸ್‌ರೇಯಂತೆ ತೋರಿಸಿಕೊಡುತ್ತದೆ. ಕೆಲಸ ಆದಮೇಲೆ ಹ್ಯಾಂಡಲ್ ಹಿಂದಕ್ಕೆ ತಿರುಗಿಸಿ ಕಾಳನ್ನು ಪೆಟ್ಟಿಗೆಗೆ ಸೇರಿಸಬೇಕು. ಸೇರಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುವುದಿಲ್ಲ, ವಿಕಿರಣ ಅಳೆಯುವ ಮೀಟರ್ ಹಿಡಿದೇ ನೋಡಬೇಕು.

ಹಿತ್ತಲ ಷೆಡ್ಡಿನಲ್ಲಿ, ನೆಲದಲ್ಲಿ ತೋಡಿದ ಕಾಂಕ್ರೀಟ್ ಗುಂಡಿಯೊಳಗೆ ಪೆಟ್ಟಿಗೆ ಇತ್ತು. ಬೀಗ ಗಟ್ಟಿಯಾಗಿತ್ತು. ಸುಪ್ರಜಾ ತನ್ನ ಮೀಟರ್ ಹಿಡಿದು ಗುಂಡಿಯ ಸುತ್ತ, ಗೋಡೆಯಾಚೆ ಪಕ್ಕದ ಟೈಲರ್ ಅಂಗಡಿಯ ಮಗ್ಗುಲಲ್ಲಿ, ಬೀದಿಯಲ್ಲಿ ಅಳೆದಳು. ಎಲ್ಲ ಮಿತಿಯೊಳಗೇ ಇತ್ತು. ಸರಿ ಇದ್ದದ್ದನ್ನೂ ಸರಿ ಎಂದೇ ಬರೆದುಕೊಂಡಳು.

“ನಿಮ್ಮ ಮೀಟರ್ ಕೊಡಿ.”

ಕಪಾಟಿನಿಂದ ಮೀಟರ್ ಬಂತು. ಸ್ವಿಚ್ಚು ಒತ್ತಿದರೆ ಮುಳ್ಳು ಅಲ್ಲಾಡಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದಳು. ಸೆಲ್ಲುಗಳು ಸೋರಿ, ಹಸಿರು ಪುಡಿ ಕಟ್ಟಿ, ತಂತಿಗಳನ್ನೆಲ್ಲ ತಿಂದುಹಾಕಿದ್ದವು. ಅದು ಕೆಟ್ಟು ತಿಂಗಳುಗಳೇ ಆಗಿದ್ದವು.

“ಹೊಸದಕ್ಕೆ ಆರ್ಡರ್ ಹಾಕಿದೀವಿ,” ಅಂದರು ಮಹಾನಂದ.

“ಬ್ಯಾಡ್ಜುಗಳು?”

“ಹುಡುಗ್ರು ಸೈಟಲ್ಲಿದಾರೆ, ಹಾಕ್ಕೊಂಡೇ ಹೋಗಿರ್ತಾರೆ.”

“ಪೆಟ್ಟಿಗೆ ಇಲ್ಲೇ ಇದೆ. ಸೈಟಲ್ಲಿ ಏನು ಕೆಲಸ?”

ಸುಪ್ರಜಾ ಆಫೀಸಿನ ಮೇಜುಗಳ ಡ್ರಾಯರುಗಳನ್ನು ಒಂದೊಂದಾಗಿ ತೆರೆಸಿದಳು. ಮೂರನೆಯದರಲ್ಲಿ, ಸ್ಟಾಂಪ್ ಪ್ಯಾಡು ಮತ್ತು ಊದಿನಕಡ್ಡಿ ಕಟ್ಟಿನ ಪಕ್ಕ, ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿದ ಎಂಟು ಬ್ಯಾಡ್ಜುಗಳಿದ್ದವು. ಒಂದಕ್ಕೂ ಬೆವರಿನ ಕಲೆ ಇರಲಿಲ್ಲ. ಮೇಲಿನದರಲ್ಲಿ ಮುರುಗೇಶ ಅಂತ ಹೆಸರಿತ್ತು.

ಹಾಜರಿ ಪುಸ್ತಕ ತರಿಸಿ ನೋಡಿದಳು. ಮುರುಗೇಶ ಎಂಬಾತ ಮೇ ಇಪ್ಪತ್ತರಿಂದ ಕೆಲಸಕ್ಕೇ ಬಂದಿಲ್ಲ. ಅವನ ಬ್ಯಾಡ್ಜು ಮಾತ್ರ ಜೂನ್, ಜುಲೈ ಎರಡೂ ತಿಂಗಳು ಮುಂಬಯಿಗೆ ಹೋಗಿ ಸೊನ್ನೆ ತಂದಿದೆ.

“ಇವರು ಯಾಕೆ ಬಿಟ್ರು?”

“ಮನೆ ತಾಪತ್ರಯ ಅಂತ ಹೇಳ್ದ.”

“ವಿಳಾಸ ಕೊಡಿ. ಗುಂಡಿ ಬೀಗದ ಕೀಲಿ ನನ್ನ ಹತ್ರ ಇರ್ಲಿ, ನಾಲ್ಕು ಗಂಟೆಗೆ ವಾಪಸ್ ಬರ್ತೀನಿ.”

ಕೀಲಿ ಕೊಡುವಾಗ ಮಹಾನಂದರ ಮುಖ ಮೊದಲ ಬಾರಿಗೆ ಬಿಗಿಯಿತು. ಸುಪ್ರಜಾ ಸುರಕ್ಷತಾ ತಪಾಸಣೆಯ ರಿಜಿಸ್ಟರ್ ತರಿಸಿ, ಪುಟ ತಿರುವಿ, ಪ್ರತಿ ತಿಂಗಳೂ ‘ಪರಿಶೀಲಿಸಿದ್ದೇನೆ, ಎಲ್ಲ ಸರಿಯಿದೆ’ ಎಂದು ಬರೆದು ಸಹಿ ಹಾಕಿದ ಸೇಫ್ಟಿ ಆಫೀಸರ್ ಯಾರು ಎಂದು ನೋಡಿದಳು. ದುಂಡಗಿನ, ಮುತ್ತು ಪೋಣಿಸಿದಂಥ ಕನ್ನಡ ಅಕ್ಷರ. ಹೆಸರು ಓದುವುದಕ್ಕೆ ಮುಂಚೆಯೇ ಅಕ್ಷರ ಗುರುತು ಸಿಕ್ಕಿತು. ಬದರೀನಾರಾಯಣ. ಹದಿನೇಳು ವರ್ಷದ ಹಿಂದೆ ಮಲ್ಲೇಶ್ವರದ ಕಾಲೇಜಿನಲ್ಲಿ ಅವಳಿಗೆ ಫಿಸಿಕ್ಸ್ ಕಲಿಸಿದವರು. ಅವಳ ಲ್ಯಾಬ್ ಪುಸ್ತಕದ ಪ್ರತಿ ಪುಟದಲ್ಲೂ ಅದೇ ಸಹಿ ಇತ್ತು. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದಳು.

ಶ್ರೀರಾಂಪುರದಲ್ಲಿ ರೈಲ್ವೆ ಹಳಿಗೆ ಹತ್ತಿರದ ವಠಾರ. ಮುರುಗೇಶನಿಗೆ ಮೂವತ್ತನಾಲ್ಕು ವರ್ಷ. ಬಲಗೈಯನ್ನು ಹಳೇ ಪಂಚೆಯ ಬಟ್ಟೆಯಲ್ಲಿ ಸುತ್ತಿಕೊಂಡು ಎದೆಗೆ ಆನಿಸಿಕೊಂಡಿದ್ದ. ಅವಳು ಯಾರೆಂದು ಹೇಳಿದ ಕೂಡಲೇ, ಬಾಯಿಪಾಠ ಮಾಡಿದವನಂತೆ, “ಬಿಸಿ ಪೈಪ್ ಮುಟ್ಬಿಟ್ಟೆ ಮೇಡಂ,” ಅಂದ.

“ಬಿಚ್ಚಿ ತೋರಿಸಿ.”

ಅವನ ಹೆಂಡತಿ ಬಟ್ಟೆ ಬಿಚ್ಚಿದಳು. ತೋರುಬೆರಳು, ನಡುಬೆರಳಿನ ತುದಿ ಕಪ್ಪಾಗಿ ಒಣಗಿತ್ತು. ಹೆಬ್ಬೆರಳಿನ ಚರ್ಮ ಸುಲಿದು ಹಸಿಯಾಗಿತ್ತು.

“ಮುಟ್ಟಿದಾಗ ಸುಟ್ಟಿತಾ?” ಸುಪ್ರಜಾ ಕೇಳಿದಳು.

ಅವನು ಹೆಂಡತಿಯ ಮುಖ ನೋಡಿದ. “ಇಲ್ಲ. ಏನೂ ಅನ್ನಿಸ್ಲಿಲ್ಲ.”

“ಬೊಬ್ಬೆ ಯಾವಾಗ ಬಂತು?”

“ಹತ್ತು ಹನ್ನೆರಡು ದಿನ ಆದ್ಮೇಲೆ.”

“ಬಿಸಿ ಪೈಪ್ ಮುಟ್ಟಿದ್ರೆ ಹತ್ತು ದಿನ ಕಾಯುತ್ತಾ ಮುರುಗೇಶ್?”

ಅವನು ಗೋಡೆಗೆ ಒರಗಿ ಕೂತ. ಆಮೇಲೆ ಹೇಳಿದ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸ. ಮೇಲಿಂದ ಒಂದು ಕಬ್ಬಿಣದ ಪಟ್ಟಿ ಬಿದ್ದು ಕೊಳವೆ ಸೊಟ್ಟಗಾಯಿತು. ಹ್ಯಾಂಡಲ್ ತಿರುಗಲಿಲ್ಲ. ಕಾಳು ಎಲ್ಲಿದೆ ಅಂತ ನೋಡಲು ಮೀಟರ್ ಇರಲಿಲ್ಲ. ಒಳಗೆ ಹೋಗಿರುತ್ತೆ ಅಂದುಕೊಂಡು ಕೊಳವೆಯನ್ನು ಕೈಯಲ್ಲೇ ಹಿಡಿದು ನೆಟ್ಟಗೆ ಮಾಡಿದ. ಆಮೇಲೆ ಹ್ಯಾಂಡಲ್ ತಿರುಗಿತು. ಅಂದರೆ ಅಷ್ಟು ಹೊತ್ತೂ ಕಾಳು ಅವನ ಬೆರಳಿನ ಕೆಳಗೇ ಇತ್ತು.

“ಓನರ್ ಕೆಟ್ಟೋರಲ್ಲ ಮೇಡಂ. ಅವ್ರೇ ಡಾಕ್ಟ್ರಿಗೆ ತೋರ್ಸಿದ್ರು. ಬಿಸಿ ಪೈಪ್ ಅಂತ ಹೇಳು, ಇಲ್ದಿದ್ರೆ ಲೈಸೆನ್ಸ್ ಹೋಗತ್ತೆ, ಎಲ್ರ ಕೆಲಸಾನೂ ಹೋಗತ್ತೆ ಅಂದ್ರು.”

“ಡಾಕ್ಟರಿಗೆ ನಿಜ ಗೊತ್ತಿಲ್ದೆ ಸುಟ್ಟಗಾಯದ ಮುಲಾಮು ಕೊಟ್ಟಿದಾರೆ. ಇದು ಮುಲಾಮಿಗೆ ವಾಸಿಯಾಗೋ ಗಾಯ ಅಲ್ಲ. ಇದಕ್ಕೆ ಮುಂಬಯಿಯಲ್ಲಿ ಚಿಕಿತ್ಸೆ ಇದೆ. ನಾಡಿದ್ದು ನನ್ನ ಜತೆ ಇಬ್ಬರೂ ಬನ್ನಿ. ಈಗ ನಡೆದದ್ದನ್ನ ನಡೆದ ಹಾಗೇ ಹೇಳಿ, ನಾನು ಬರ್ಕೋತೀನಿ.”

“ಕೈ ಉಳಿಯುತ್ತಾ?” ಕೇಳಿದ್ದು ಹೆಂಡತಿ.

“ಕೈ ಉಳಿಯುತ್ತಮ್ಮ. ಬೆರಳುಗಳ ವಿಷಯ ಡಾಕ್ಟರು ಹೇಳಬೇಕು.”

ನಾಲ್ಕು ಗಂಟೆಗೆ ಸುಪ್ರಜಾ ಚಾಮರಾಜಪೇಟೆಗೆ ವಾಪಸು ಬಂದಾಗ ಮಹಾನಂದರು ಫೋನು ಹಿಡಿದುಕೊಂಡೇ ಕೂತಿದ್ದರು. ಗಾಂಧಿನಗರದ ಮಾಜಿ ಶಾಸಕರೊಬ್ಬರು ಲೈನಿನಲ್ಲಿದ್ದಾರೆ, ಮಾತಾಡಬೇಕಂತೆ ಎಂದು ರಿಸೀವರ್ ಚಾಚಿದರು. ಅವಳು ತೆಗೆದುಕೊಂಡಳು.

“ನಮಸ್ಕಾರ ಸರ್... ಹೌದು, ಬೀಗ ಹಾಕ್ತಿದೀನಿ... ಕಾನೂನಲ್ಲಿ ನಂಗೆ ಅಧಿಕಾರ ಇದೆ ಸರ್. ನಿಮ್ಮ ಪೂರ್ತಿ ಹೆಸರು, ವಿಳಾಸ ಹೇಳ್ಬಿಡಿ. ಈ ಫೋನು ಬಂದದ್ದನ್ನೂ ವರದಿಯಲ್ಲಿ ಬರೀಬೇಕಾಗುತ್ತೆ.”

ಆ ಕಡೆಯಿಂದ ಫೋನ್ ಇಟ್ಟ ಸದ್ದು ಬಂತು. ಅವಳು ರಿಸೀವರನ್ನು ಜೋಪಾನವಾಗಿ ವಾಪಸಿಟ್ಟಳು.

“ಆಫೀಸಿನವ್ರೂ ಸೇರಿ ಹನ್ನೆರಡು ಮನೆ ಒಲೆ ಉರಿಯೋದು ಈ ಪೆಟ್ಟಿಗೆಯಿಂದ,” ಅಂದರು ಮಹಾನಂದ. ದನಿ ಈಗಲೂ ತಗ್ಗೇ ಇತ್ತು. “ನಾನು ಕಳ್ಳ ಅಲ್ಲ ಮೇಡಂ. ಇಪ್ಪತ್ತು ವರ್ಷದಿಂದ ಕಟ್ಟಿದ್ದು.”

“ಕಳ್ಳ ಅಂತ ನಾನೂ ಬರೆದಿಲ್ಲ. ಮೀಟರ್ ಸತ್ತಿದೆ, ಬ್ಯಾಡ್ಜು ಡ್ರಾಯರಲ್ಲಿದೆ, ಗಾಯ ಮುಚ್ಚಿಟ್ಟಿದೀರಿ ಅಂತ ಬರೆದಿದೀನಿ. ಇದರಲ್ಲಿ ಯಾವುದಾದ್ರೂ ಸುಳ್ಳಾಗಿದ್ರೆ ಹೇಳಿ, ತಿದ್ದುತೀನಿ.”

ಅವರು ಕಾಗದವನ್ನು ಎರಡು ಸಲ ಓದಿದರು. ಸುಳ್ಳು ಅನ್ನಲಿಲ್ಲ. ಸಹಿ ಹಾಕಿದರು. ಸುಪ್ರಜಾ ಗುಂಡಿಗೆ ಬೀಗ ಹಾಕಿ, ಅರಗು ಕರಗಿಸಿ, ಮಂಡಳಿಯ ಮುದ್ರೆ ಒತ್ತಿದಳು.

ಇನ್ನೊಂದು ಮನೆ ಬಾಕಿಯಿತ್ತು. ಗಾಂಧಿಬಜಾರಿನ ಹಿಂದಿನ ರಸ್ತೆಯಲ್ಲಿ ಮೇಷ್ಟ್ರ ಮನೆ. ಆಟೋದಲ್ಲಿ ಹೋಗುವಾಗ ಆ ಸಹಿಗಳನ್ನು ಇನ್ನೊಮ್ಮೆ ತಿರುವಿ ನೋಡಿದಳು. ಏನು ಮಾಡಬೇಕು ಅನ್ನುವುದರಲ್ಲಿ ಗೊಂದಲವಿರಲಿಲ್ಲ.

ಬದರೀನಾರಾಯಣ ಮೇಷ್ಟ್ರಿಗೆ ಅರವತ್ತೇಳು. ಬಾಗಿಲಲ್ಲಿ ಅವಳನ್ನು ಕಂಡು ಮುಖ ಅರಳಿತು. “ಸರ್ವಮಂಗಳಾ, ಯಾರು ಬಂದಿದಾರೆ ನೋಡು. ನಮ್ಮ ಸುಪ್ರಜಾ. ಬಾಮ್ಮ, ಕೂತ್ಕೋ.” ಅವರ ಹೆಂಡತಿ ಕೋಡುಬಳೆ ತಟ್ಟೆ ತಂದಿಟ್ಟರು. ಸುಪ್ರಜಾ ಅದನ್ನು ಮುಟ್ಟಲಿಲ್ಲ.

“ಸರ್, ನಾನು ಇವತ್ತು ಡ್ಯೂಟಿ ಮೇಲೆ ಬಂದಿದೀನಿ. ಮೊದಲು ಅದು ಹೇಳ್ಬಿಡ್ತೀನಿ.”

ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ರಿಟೈರಾದ ಮೇಲೆ ಮುಂಬಯಿಗೆ ಹೋಗಿ ತರಬೇತಿ ಮುಗಿಸಿ ಸರ್ಟಿಫಿಕೇಟು ತಂದಿದ್ದರು. ಮಹಾನಂದರು ಬಂದು ಕೇಳಿಕೊಂಡರು. ಮೊದಲು ಒಂದಷ್ಟು ತಿಂಗಳು ಷೆಡ್ಡಿಗೆ ಹೋಗಿ ನೋಡಿಯೂ ಬಂದರು. ಆಮೇಲೆ ಮಂಡಿನೋವು. ಪುಸ್ತಕವೇ ಮನೆಗೆ ಬರತೊಡಗಿತು.

“ನಂಬಿ ಸಹಿ ಹಾಕ್ದೆ,” ಅಂದರು.

“ನೋಡಿ ಹಾಕಬೇಕಾದ ಸಹಿ ಅಲ್ವಾ ಸರ್ ಅದು?”

ಒಳಗೆ ಕುಕ್ಕರ್ ಕೂಗಿ ನಿಂತಿತು. ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. “ನನ್ನ ಹೆಸರು ಬರೀದೆ ಇರೋಕೆ ದಾರಿ ಇಲ್ವೇನಮ್ಮ?”

“ಇಲ್ಲ ಸರ್.”

“ಕೇಳ್ಬಾರ್ದಿತ್ತು. ಪೆನ್ನು ಕೊಡು.”

ನೋಡದೆ ಸಹಿ ಹಾಕಿದ್ದೇನೆ ಎಂದು ನಾಲ್ಕು ಸಾಲಿನಲ್ಲಿ ಬರೆದುಕೊಟ್ಟರು. ಅಕ್ಷರ ಎಂದಿನ ಹಾಗೆ ದುಂಡಗಿತ್ತು. ಅವಳು ನಮಸ್ಕಾರ ಮಾಡಿ ಹೊರಟಾಗ ಅವರು ಬಾಗಿಲವರೆಗೆ ಬರಲಿಲ್ಲ.

ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ವಿಚಾರಣೆ ನಡೆಯಿತು. ಮಹಾನಂದರು ವಕೀಲರೊಂದಿಗೆ ಬಂದಿದ್ದರು. ಮೇಷ್ಟ್ರು ಒಬ್ಬರೇ ಬಂದಿದ್ದರು, ಕೈಯಲ್ಲಿ ಬಟ್ಟೆಯ ಚೀಲ. ಬರೆದುಕೊಟ್ಟದ್ದನ್ನು ಒಪ್ಪುತ್ತೀರಾ ಎಂದು ಸಮಿತಿಯವರು ಕೇಳಿದಾಗ ಎದ್ದು ನಿಂತು, ಒಪ್ಪುತ್ತೇನೆ, ಆದರೆ ಅದು ಪೂರ್ತಿಯಲ್ಲ ಎಂದರು. ಜೂನಿನಲ್ಲಿ ಪುಸ್ತಕ ತಂದ ಗುಮಾಸ್ತ, ಮುರುಗೇಶನ ಕೈ ಸುಟ್ಟಿದೆ ಎಂದು ಬಾಯಿತಪ್ಪಿ ಹೇಳಿದ್ದ. ಏನಾಗಿರಬಹುದು ಎಂದು ಫಿಸಿಕ್ಸ್ ಓದಿದ ತಮಗೆ ಆ ಕ್ಷಣವೇ ಅನ್ನಿಸಿತ್ತು. ಕೇಳಲು ಧೈರ್ಯವಾಗಲಿಲ್ಲ. ಸಹಿ ಹಾಕಿ ಕಳಿಸಿದರು. ಆಗಲೇ ಕೇಳಿದ್ದರೆ ಚಿಕಿತ್ಸೆ ಎರಡು ತಿಂಗಳು ಮುಂಚೆ ಶುರುವಾಗುತ್ತಿತ್ತು.

ಈ ಮಾತು ಸುಪ್ರಜಾಳಿಗೂ ಗೊತ್ತಿರಲಿಲ್ಲ. ಯಾವ ಸಾಕ್ಷಿಯೂ ಇಲ್ಲದ್ದು. ಅವರು ಹೇಳದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಅವಳು ತಲೆ ಬಗ್ಗಿಸಿಕೊಂಡು ಒಂದು ಶಬ್ದವೂ ಬಿಡದೆ ಬರೆದುಕೊಂಡಳು.

ಆದೇಶ ಅವತ್ತೇ ಆಯಿತು. ಶುಭೋದಯದ ಲೈಸೆನ್ಸ್ ಒಂದು ವರ್ಷ ಅಮಾನತು, ಇರಿಡಿಯಂ ಮುಂಬಯಿಗೆ ವಾಪಸು, ಗಾಯ ಮುಚ್ಚಿಟ್ಟದ್ದಕ್ಕೆ ಮಹಾನಂದರ ಮೇಲೆ ಕೋರ್ಟಿನಲ್ಲಿ ದೂರು. ಮೇಷ್ಟ್ರ ಸರ್ಟಿಫಿಕೇಟು ಶಾಶ್ವತವಾಗಿ ರದ್ದು.

ಹೊರಗೆ ಮೆಟ್ಟಿಲ ಮೇಲೆ ಮೇಷ್ಟ್ರು ಅವಳಿಗಾಗಿ ಕಾದಿದ್ದರು. “ಆ ಹುಡುಗ ಯಾವ ಆಸ್ಪತ್ರೆಯಲ್ಲಿದಾನೆ? ರೈಲಿಗೆ ಇನ್ನೂ ಹೊತ್ತಿದೆ.”

ಅವಳೇ ಕರೆದುಕೊಂಡು ಹೋದಳು. ಮುರುಗೇಶ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಕೂತು ಎಡಗೈಯಲ್ಲಿ ಅನ್ನ ಕಲಸುತ್ತಿದ್ದ. ಎರಡು ಬೆರಳಿನ ತುದಿ ತೆಗೆದಿದ್ದರು. ಹೆಬ್ಬೆರಳಿಗೆ ತೊಡೆಯ ಚರ್ಮ ಕಸಿ ಮಾಡಿದ್ದು ಹತ್ತಿಕೊಂಡಿತ್ತು. ಸುಪ್ರಜಾಳನ್ನು ನೋಡಿ ನಕ್ಕ. ಪಕ್ಕದವರನ್ನು ನೋಡಿ, “ಇವ್ರು ಯಾರು ಮೇಡಂ, ನಿಮ್ಮ ತಂದೆಯವ್ರಾ?” ಅಂದ.

ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು. “ನಾನು ನಿನ್ನ ಸೇಫ್ಟಿ ಆಫೀಸರ್ ಆಗಿದ್ದೆನಪ್ಪ. ಎರಡು ವರ್ಷ.”

ಮುರುಗೇಶ ಅವರನ್ನು ಮೇಲಿಂದ ಕೆಳಗೆ ನೋಡಿದ. “ನೋಡೇ ಇಲ್ವಲ್ಲ ಸಾರ್ ನಿಮ್ಮನ್ನ.”

“ಅದೇ ನನ್ನ ತಪ್ಪು. ಅದನ್ನ ಹೇಳೋಕೇ ಬಂದೆ.”

ಮುರುಗೇಶ ಪರವಾಗಿಲ್ಲ ಅನ್ನಲಿಲ್ಲ, ಬೈಯಲೂ ಇಲ್ಲ. ತಟ್ಟೆ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಸೊಟ್ಟಗಾದ ಕೊಳವೆಯೊಳಗೆ ಕಾಳು ಎಲ್ಲಿ ನಿಂತಿರುತ್ತೆ, ಹ್ಯಾಂಡಲಿನ ಬಿಗಿ ನೋಡಿ ಹೇಳೋಕಾಗುತ್ತಾ ಅಂತ ಕೇಳಿದ. ಮೇಷ್ಟ್ರು ಚೀಲದಿಂದ ಕಾಗದ ತೆಗೆದು ಚಿತ್ರ ಬರೆದು ವಿವರಿಸತೊಡಗಿದರು. ಅವನು ಎಡಗೈ ಬೆರಳಿಟ್ಟು, ಇಲ್ಲಿ ಅಲ್ಲ ಸಾರ್, ತಿರುವು ಇಲ್ಲಿತ್ತು ಅಂತ ತಿದ್ದಿದ. ರೈಲಿನ ಹೊತ್ತಾಗುವವರೆಗೆ ಇಬ್ಬರೂ ಆ ಕಾಗದದ ಮೇಲೇ ಇದ್ದರು.

ಮುರುಗೇಶ ಡಿಸೆಂಬರಿನಲ್ಲಿ ಬೆಂಗಳೂರಿಗೆ ವಾಪಸಾದ. ಪರಿಹಾರ ಬಂತು, ಕಾರ್ಮಿಕ ಇಲಾಖೆಯ ಮುಂದೆ ಮಹಾನಂದರೇ ಒಪ್ಪಿ ಸಹಿ ಹಾಕಿದರು. ವರ್ಷ ಕಳೆದ ಮೇಲೆ ಕಂಪನಿ ಮತ್ತೆ ತೆರೆಯಿತು. ಈ ಸಲ ಪೂರ್ತಿ ಹೊತ್ತಿನ ಸೇಫ್ಟಿ ಆಫೀಸರ್, ಮೂರು ಹೊಸ ಮೀಟರುಗಳು. ಬೆಸುಗೆಯ ಚಿತ್ರ ಮೂಡಿದ ಫಿಲ್ಮು ತೊಳೆಯುವ ಕತ್ತಲೆ ಕೋಣೆಯ ಉಸ್ತುವಾರಿಗೆ ಮುರುಗೇಶನನ್ನೇ ಕರೆದರು. ಅಲ್ಲಿ ಇರಿಡಿಯಂ ಹತ್ತಿರ ಸುಳಿಯುವುದಿಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂದವನು ಹದಿನೈದು ದಿನ ಕಾಯಿಸಿ, ಮೀಟರುಗಳನ್ನು ತಾನೇ ಒಂದೊಂದಾಗಿ ಆನ್ ಮಾಡಿ ನೋಡಿ, ಆಮೇಲೆ ಒಪ್ಪಿಕೊಂಡ.

ಮತ್ತೆ ತೆರೆಯುವ ಮುಂಚಿನ ತಪಾಸಣೆಗೆ ಸುಪ್ರಜಾಳೇ ಬಂದಿದ್ದಳು. ಇಡೀ ದಿನ ನೋಡಿ ಒಂದೇ ಒಂದು ಲೋಪ ಹಿಡಿದಳು: ಷೆಡ್ಡಿನ ಎಚ್ಚರಿಕೆ ಬೋರ್ಡು ಇಂಗ್ಲಿಷಿನಲ್ಲಿ ಮಾತ್ರ ಇತ್ತು.

“ಕನ್ನಡದಲ್ಲೂ, ತಮಿಳಲ್ಲೂ ಬರೆಸಿ,” ಅಂದಳು. “ನಾಳೆ ಹತ್ತು ಗಂಟೆಗೆ ಬಂದು ನೋಡಿ ಸಹಿ ಹಾಕ್ತೀನಿ.”

“ಬರೆಸಿರ್ತೀನಿ,” ಅಂದರು ಮಹಾನಂದ. ಕಾಫಿ ಬೇಕಾ ಅಂತ ಕೇಳಲಿಲ್ಲ. ಅವಳಿಗೆ ಅದು ಸರಿಯೆನಿಸಿತು. ಬೀದಿಗೆ ಇಳಿದು, ಮೇಷ್ಟ್ರ ಮನೆಗೆಂದು ಗಾಂಧಿಬಜಾರಿನ ಕಡೆಗೆ ಹೋಗುವ ಆಟೋ ನಿಲ್ಲಿಸಿದಳು.