ಕೊಕ್ಕೆಯ ಉಬ್ಬು

ನಮ್ಮವರು ಜೀಪಿನ ಸಾಮಾನುಗಳನ್ನು ಮೊದಲು ರಟ್ಟಿನಲ್ಲಿ ಮಾಡುತ್ತಿದ್ದರು. ಮದುವೆಯ ಕರೆಯೋಲೆ, ಸೀರೆಯ ಡಬ್ಬಿ, ಮಿಠಾಯಿ ಪೆಟ್ಟಿಗೆ, ಯಾವುದನ್ನೂ ನಾನು ಎಸೆಯುವಂತಿರಲಿಲ್ಲ. ಕತ್ತರಿಸಿ, ಮಡಿಸಿ, ಅಂಟಿಸಿ, ಕೆಳಗೆ ಹೋಗಿ ಜೀಪಿಗೆ ಹಿಡಿದು ನೋಡುವರು. ಅರ್ಧ ನೂಲು ಹೆಚ್ಚೆನಿಸಿದರೆ ಮತ್ತೆ ಮೇಲೆ ಬಂದು ಕತ್ತರಿ ಕೇಳುವರು. ಭಾಂಡುಪಿನ ಒಂದು ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಗೆರೆ ಎಳೆದ ಕೈ ಅದು. ಕಾರ್ಖಾನೆ ಹೋಗಿ ಆ ಜಾಗದಲ್ಲಿ ಗಾಜಿನ ಕಟ್ಟಡಗಳು ಎದ್ದಿವೆ. ಕೈ ಮಾತ್ರ ಸುಮ್ಮನಾಗಲಿಲ್ಲ.

ಜೀಪು ನನ್ನ ತಮ್ಮ ವಿಕ್ರಂನದು. ಮಲಾಡಿನಲ್ಲಿರುತ್ತಾನೆ. ಸ್ನೇಹಿತರ ಗುಂಪು ಕಟ್ಟಿಕೊಂಡು ಮುರಬಾಡಿನ ಕಡೆಯ ಬೆಟ್ಟಗಳಲ್ಲಿ, ಕಲ್ಲು ಕೆಸರುಗಳಲ್ಲಿ ಗಾಡಿ ಓಡಿಸುವುದು ಅವನ ಹುಚ್ಚು. ಗಾಡಿಯ ಮೇಲೆ ಸಾಮಾನು ಕಟ್ಟುವ ರ‍್ಯಾಕು, ಹಿಂದೆ ಡೀಸೆಲ್ ಡಬ್ಬಿಯ ತೊಟ್ಟಿಲು, ನನ್ನ ಮಂಡಿನೋವಿಗೆಂದೇ ಗೇಣು ಕೆಳಗಿಳಿಸಿದ ಮೆಟ್ಟಿಲು, ಎಲ್ಲ ನಮ್ಮವರ ಕೆಲಸ. ಯಾರಾದರೂ ಎಲ್ಲಿ ಕೊಂಡಿರೆಂದು ಕೇಳಿದರೆ ವಿಕ್ರಂ, "ಕೊಂಡಿದ್ದಲ್ಲ. ನಮ್ಮ ಕಿಟ್ಟು ಭಾವ ಅಳತೆ ತೊಗೊಂಡು ಹೊಲಿದ ಅಂಗಿ ಇದು," ಎನ್ನುವನು. ಆಗ ಇವರು ಮುಖ ಪಕ್ಕಕ್ಕೆ ತಿರುಗಿಸಿ ಕನ್ನಡಕ ಒರೆಸಿಕೊಳ್ಳುವರು.

ರಟ್ಟಿನ ಮಾದರಿ ನೋಡಿ ಕಬ್ಬಿಣ ಕತ್ತರಿಸಿ ಬೆಸೆಯುತ್ತಿದ್ದವರು ಶೆಟ್ಟೆಪ್ಪ. ಬಾಗಲಕೋಟೆಯ ಕಡೆಯವರು. ಸ್ಟೇಷನ್ನಿನಿಂದ ನಮ್ಮ ಬಿಲ್ಡಿಂಗಿಗೆ ಬರುವ ದಾರಿಯಲ್ಲೇ ಅವರ ಗಾಳಾ, ಎಂದರೆ ಬೆಸುಗೆಯ ಅಂಗಡಿ. ಅವರೂ ಅವರ ತಮ್ಮ ಧರ್ಮಣ್ಣನೂ ಒಂದೇ ಶಟರಿನ ಕೆಳಗೆ ಕೆಲಸ ಮಾಡುತ್ತಿದ್ದರು. ಬೆಸೆದ ಸಾಮಾನನ್ನು ಶೆಟ್ಟೆಪ್ಪ ಹೆಗಲ ಮೇಲಿಟ್ಟುಕೊಂಡು ತಾವೇ ತಂದು ಕೊಡುವರು. ಕೊನೆಯ ಕೆಲಸ, ಎಂದರೆ ಗ್ರೈಂಡರಿನಿಂದ ತೇಯುವುದು, ಬಣ್ಣ ಹಚ್ಚುವುದು, ಇವರ ಪಾಲಿನದು. ಅದನ್ನು ಇವರು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಸೊಸೈಟಿಯವರು ಗದ್ದಲಕ್ಕೆ ಭಾನುವಾರ ಹನ್ನೊಂದರಿಂದ ಒಂದರವರೆಗೆ ಎಂದು ಕಟ್ಟು ಮಾಡಿದ್ದರು.

ಅದೇ ಹೊತ್ತು ನನ್ನದೂ ಆಗಿತ್ತು. ನನ್ನ ತಂದೆ ಫೋರ್ಟಿನ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿದ್ದರು. ಸಂಜೆಯಾದರೆ ಮಾಟುಂಗದಲ್ಲಿ ಕಾವ್ಯ ವಾಚಿಸುವರು. ನಾನು ಕಂಬಕ್ಕೊರಗಿ ಕೇಳುತ್ತ ಬೆಳೆದವಳು. ಅರ್ಥ ಆಗುವ ಮೊದಲೇ ಷಟ್ಪದಿಗಳು ನನ್ನೊಳಗೆ ಕುಳಿತಿದ್ದವು. ಉಸಿರು ಎಲ್ಲರಿಗೂ ಬೇಕು, ಆದರೆ ಅದನ್ನು ತೆಗೆದುಕೊಂಡದ್ದು ಕೇಳುವವರಿಗೆ ತಿಳಿಯಬಾರದು ಎಂದು ಅಪ್ಪ ಹೇಳುತ್ತಿದ್ದರು. ಅವರ ಒಂದೆರಡು ಕ್ಯಾಸೆಟ್ಟುಗಳನ್ನು ವಿಕ್ರಂ ನನ್ನ ಫೋನಿಗೆ ಹಾಕಿಕೊಟ್ಟಿದ್ದಾನೆ. ಭಾನುವಾರ ಪೂಜೆ ಮುಗಿಸಿ ದೇವರ ಮುಂದೆಯೇ ಕುಳಿತು ಕೇಳುತ್ತೇನೆ. ಕೆಳಗೆ ಗ್ರೈಂಡರ್ ಶುರುವಾದರೆ ನಿಲ್ಲಿಸುತ್ತೇನೆ, ಅದು ನಿಂತರೆ ಹಾಕುತ್ತೇನೆ. ಹೀಗಾಗಿ ಇವರು ಯಾವ ದಿನ ಎಷ್ಟು ಹೊತ್ತು ತೇದರು ಎಂಬುದು ನನಗೆ ತಿಳಿದೇ ಇರುತ್ತಿತ್ತು.

ಆಷಾಢದ ಮೊದಲ ವಾರ ಶೆಟ್ಟೆಪ್ಪ ಆ ಕೊಕ್ಕೆ ತಂದರು. ಗಾಡಿ ಕೆಸರಿನಲ್ಲಿ ಹೂತರೆ ಇನ್ನೊಂದು ಗಾಡಿಯಿಂದ ಪಟ್ಟಿ ಕಟ್ಟಿ ಎಳೆಯಲು ಮುಂದಿನ ಬಂಪರಿಗೆ ಹಾಕುವ ಕೊಕ್ಕೆ. ದಪ್ಪ ಸರಳನ್ನು ಬಗ್ಗಿಸಿ ದಪ್ಪ ತಗಡಿಗೆ ಬೆಸೆದಿದ್ದರು. ಬೆಸೆದ ಕಡೆ ಸುತ್ತಲೂ ಕಬ್ಬಿಣ ಕರಗಿ ಹೆಬ್ಬೆರಳ ಗಾತ್ರಕ್ಕೆ ಉಬ್ಬಿತ್ತು. ನಾನು ಅವರಿಗೆಂದು ಚಹಾ ಮಾಡಿದೆ. ನಮ್ಮ ಕಾಫಿ ಅವರಿಗೆ ಸೇರದು. "ಔಷಧ ಕುಡದಂಗ ಆಕ್ಕೈತ್ರಿ ಅಕ್ಕಾರ," ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು.

ಇವರು ಕೊಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಏನಯ್ಯ ಇದು, ಗಳಗಂಡ ಆದ ಹಾಗಿದೆ," ಎಂದರು.

"ಇರ್ಲಿ ಬಿಡ್ರಿ ಸಾಹೇಬ್ರ. ಇದನ್ನ ಮಾತ್ರ ತಿಕ್ಕಬ್ಯಾಡ್ರಿ ಮತ್ತ. ನಿಮ್ಮ ಕೈ ನನಗ ಗೊತ್ತೈತಿ. ರ‍್ಯಾಕ್ ಆದ್ರ ತಿಕ್ಕೊಳ್ರಿ, ಅದು ಬರೇ ಹೊರೂದು. ಇದು ಜಗ್ಗೂದು. ಹಿಡಿಯೂದ ಆ ಉಬ್ಬು."

"ನೀನು ಧಾರಾಳಿ. ಬೇಕಾದ್ದಕ್ಕಿಂತ ಎರಡು ಪಟ್ಟು ತುಂಬಿದೀಯ."

"ನಿಮ್ಮಂಗ ಸಪೂರ ಇದ್ದವ್ರಿಗೆ ದಪ್ಪಂದು ಕಂಡ್ರ ಆಗಂಗಿಲ್ಲ," ಎಂದು ಶೆಟ್ಟೆಪ್ಪ ನಕ್ಕರು. ಇವರೂ ನಕ್ಕರು. ಚಹಾದ ಲೋಟ ತೆಗೆದುಕೊಳ್ಳಲು ಬಂದಿದ್ದ ನಾನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ.

ಮುಂದಿನ ಭಾನುವಾರ ಗ್ರೈಂಡರಿನ ಸದ್ದು ಬಹಳ ಹೊತ್ತು ಬಂತು. ಅಪ್ಪನ ಪದ್ಯವೊಂದು ನಡುವಿನಲ್ಲೇ ನಿಂತಿತ್ತು. ಮುಕ್ಕಾಲು ಗಂಟೆ ಕಾದು ಬೇಸರವಾಗಿ ಕೆಳಗಿಳಿದು ಹೋದೆ. ಇವರು ಸ್ಟೂಲಿನ ಮೇಲೆ ಕುಳಿತು ಕೊಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯಿಂದ ಒರೆಸುತ್ತಿದ್ದರು. ಉಬ್ಬು ಇರಲಿಲ್ಲ. ಸರಳು ತಗಡಿನೊಳಗಿಂದಲೇ ಬೆಳೆದು ಬಾಗಿದ ಹಾಗಿತ್ತು.

"ಎಲ್ಲಿ ಸೇರಿದೆ ಹೇಳು ನೋಡೋಣ," ಎಂದರು.

ನಾನು ಬೆರಳಾಡಿಸಿದೆ. ಸಿಗಲಿಲ್ಲ.

"ಅಪ್ಪ ಓದಿದ ಹಾಗಿದೆ ಕಣ್ರೀ. ಉಸಿರು ಎಲ್ಲಿ ತೊಗೊಂಡ್ರು ಅಂತಾನೇ ಗೊತ್ತಾಗಲ್ಲ."

ಅವರ ಮುಖ ಅರಳಿದ್ದು ಇನ್ನೂ ಕಣ್ಣ ಮುಂದಿದೆ. ಮೂವತ್ತೆಂಟು ವರ್ಷಗಳ ಸಂಸಾರದಲ್ಲಿ ಅವರ ಕೆಲಸವನ್ನು ನಾನು ಅಷ್ಟು ಹೊಗಳಿದ್ದು ಅದೇ ಮೊದಲಿರಬೇಕು. ಶೆಟ್ಟೆಪ್ಪ ಬೇಡವೆಂದಿದ್ದು ನನಗೆ ನೆನಪಿತ್ತು. ಇವರು ತಿಳಿದವರು, ನೋಡಿಕೊಂಡೇ ಮಾಡಿರುತ್ತಾರೆ ಅಂದುಕೊಂಡೆ. ಇವರು ಎರಡು ಸಲ ಕಪ್ಪು ಬಣ್ಣ ಹಚ್ಚಿದರು.

ಎರಡು ವಾರದ ಮೇಲೆ ವಿಕ್ರಂ ಹೊರಟಾಗ ಶೆಟ್ಟೆಪ್ಪನನ್ನೂ ಕರೆದುಕೊಂಡು ಹೋದ. ವಿಕ್ರಂನ ಗುಂಪಿನ ಅಷ್ಟು ಗಾಡಿಗಳಿಗೆ ಸಾಮಾನು ಮಾಡಿಕೊಟ್ಟರೂ ಶೆಟ್ಟೆಪ್ಪ ಒಂದು ದಿನವೂ ಅವುಗಳಲ್ಲಿ ಕುಳಿತು ಹೋದವರಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. "ಕೆಸರಿಗೆ ಹೋಗೋದು ಶೆಟ್ಟೆಪ್ಪನವರೇ," ಎಂದೆ. "ಫೋಟೋ ತಗೀತಾರಂತ್ರಿ ಅಕ್ಕಾರ, ಊರಿಗೆ ಕಳಸ್ತೀನಿ," ಎಂದರು. ಇವರು ಸೊಂಟನೋವೆಂದು ಮನೆಯಲ್ಲೇ ಉಳಿದರು.

ಮಧ್ಯಾಹ್ನದ ಹೊತ್ತಿಗೆ ಗದ್ದೆ ಪಕ್ಕದ ಹಳ್ಳದಲ್ಲಿ ವಿಕ್ರಂನ ಗಾಡಿ ಹೂತಿತು. ಇನ್ನೊಂದು ಗಾಡಿಯಿಂದ ಎಳೆದರು. ಮೊದಲ ಸಲ ಅಲುಗಲಿಲ್ಲ. ಎರಡನೆಯ ಸಲ ಜೋರಾಗಿ ಜಗ್ಗಿದಾಗ ಕೊಕ್ಕೆ ತಗಡಿನಿಂದ ಕಿತ್ತು, ಬಿಗಿದ ಪಟ್ಟಿಯ ಸೆಳೆತಕ್ಕೆ ಕಲ್ಲಿನ ಹಾಗೆ ಹಾರಿತು. ಶೆಟ್ಟೆಪ್ಪ ದಡದಲ್ಲಿ ನಿಂತು ಕೊಕ್ಕೆಯನ್ನೇ ನೋಡುತ್ತಿದ್ದರಂತೆ. ಕಿವಿಯ ಮೇಲೆ ಬಡಿಯಿತು. ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋದರು.

ಪೊಲೀಸರು ಕೊಕ್ಕೆಯನ್ನು ಇಟ್ಟುಕೊಂಡು ಅಪಘಾತ ಎಂದು ಬರೆದುಕೊಂಡರು. ಗುಂಪಿನವರ ಫೋನುಗಳಲ್ಲಿ ಮುರಿದ ಕೊಕ್ಕೆಯ ಫೋಟೋ ಓಡಾಡಿತು. ವಿಕ್ರಂ ಅತ್ತುಕೊಂಡೇ ಎಲ್ಲರಿಗೂ ಒಂದೇ ಮಾತು ಹೇಳಿದ. "ಭಾವನ ಡಿಸೈನ್ ಸರಿಯಾಗೇ ಇತ್ತು. ಬೆಸುಗೆ ಕೈ ಕೊಡ್ತು. ಪಾಪ, ಅವನದೇ ಬೆಸುಗೆ." ಅವನಿಗೆ ಬೇರೇನೂ ಗೊತ್ತಿರಲಿಲ್ಲ. ಆ ಮಾತು ಗಾಳಾದವರೆಗೂ ಹೋಯಿತು. ತನ್ನ ಬೆಸುಗೆಯಿಂದ ತಾನೇ ಸತ್ತವನು ಎಂದು ಬೀದಿಯೆಲ್ಲ ಹೆಸರಾಯಿತು. ಶೆಟ್ಟೆಪ್ಪ ಮಾಡಿದ್ದ ರ‍್ಯಾಕುಗಳನ್ನು ಜನ ಬಿಚ್ಚಿಸಿ ಬೇರೆ ಕಡೆ ಮತ್ತೆ ಬೆಸೆಸಿಕೊಂಡರು.

ಹದಿಮೂರನೆಯ ದಿನ ನಾವಿಬ್ಬರೂ ಹೋಗಿದ್ದೆವು. ಶೆಟ್ಟೆಪ್ಪನ ಹೆಂಡತಿ ಇಂದ್ರಾಬಾಯಿ ಗೋಡೆಗೊರಗಿ ಕುಳಿತಿದ್ದಳು. ಇವರನ್ನು ನೋಡಿ, "ಸಾಹೇಬ್ರ, ನೀವು ಓದಿದವ್ರು. ಅವ್ರ ಕೈ ಹಂಗಿತ್ತೇನ್ರಿ?" ಎಂದು ಕೇಳಿದಳು.

ಇವರು, "ಒಂದೊಂದ್ಸಲ ಕಬ್ಬಿಣದಲ್ಲೇ ದೋಷ ಇರತ್ತಮ್ಮ," ಎಂದರು.

ನಾನು ನೆಲ ನೋಡುತ್ತಿದ್ದೆ. ಮನೆಗೆ ಬಂದು ಇವರು ಮಂಚದ ಕೆಳಗಿನ ರಟ್ಟುಗಳನ್ನೆಲ್ಲ ಹೊರಗೆಳೆದು, ಕಟ್ಟು ಕಟ್ಟಿ ರದ್ದಿಯವನಿಗೆ ಹಾಕಿದರು. ಕತ್ತರಿಯನ್ನು ನನ್ನ ಹೊಲಿಗೆ ಡಬ್ಬಿಗೆ ವಾಪಸ್ಸು ಇಟ್ಟರು. ಇವರಿಗೂ ತಿಳಿದಿದೆ ಎಂದು ನನಗೆ ಆಗ ಖಚಿತವಾಯಿತು. ನಾವಿಬ್ಬರೂ ಅದನ್ನು ಮಾತಾಡಲಿಲ್ಲ. ಶ್ರಾವಣ ಹೋಯಿತು, ಭಾದ್ರಪದ ಹೋಯಿತು. ಪ್ರತಿ ಭಾನುವಾರ ದೇವರ ಮುಂದೆ ಕುಳಿತೆ, ಆದರೆ ಅಪ್ಪನ ದನಿ ಹಾಕಲು ಕೈ ಬರಲಿಲ್ಲ. ಸೊಸೈಟಿಯ ಸೆಕ್ರೆಟರಿ ಮೆಟ್ಟಿಲಲ್ಲಿ ಸಿಕ್ಕಾಗ, "ಆಜ್‌ಕಲ್ ಬಡೀ ಶಾಂತಿ ಹೈ," ಎಂದ.

ನವರಾತ್ರಿ ಮುಗಿದ ವಾರ ಇಂದ್ರಾಬಾಯಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಚೀಲ. ಇವರು ಹೊರಗಿನ ಕೋಣೆಯಲ್ಲಿ ಪೇಪರ್ ಹಿಡಿದು ಕುಳಿತಿದ್ದರು. ಅವಳು ನಮಸ್ಕಾರ ಮಾಡಿ ಸೀದಾ ಅಡುಗೆಮನೆಗೆ ಬಂದು ನೆಲದ ಮೇಲೆ ಕುಳಿತಳು.

"ಊರಿಗೆ ಹೊಂಟೀನ್ರಿ ಅಕ್ಕಾರ. ಧರ್ಮಣ್ಣ ಗಾಳಾ ಬಿಡತಾನಂತ. ಗಿರಾಕಿನ ಇಲ್ಲ. ಇವು ಸಾಹೇಬ್ರವು, ಗ್ವಾಡಿಗೆ ಮೊಳೆ ಹೊಡದು ಸಾಲಾಗಿ ಹಾಕಿದ್ರು ಅವರು. ಒಂದೂ ಒಗಿಯಾಕ ಬಿಡತಿರಲಿಲ್ಲ."

ಚೀಲದಲ್ಲಿ ರಟ್ಟಿನ ಮಾದರಿಗಳಿದ್ದವು. ರ‍್ಯಾಕಿನ ಮೂಲೆ, ನನ್ನ ಮೆಟ್ಟಿಲು. ಎಲ್ಲಕ್ಕಿಂತ ಮೇಲೆ ಕೊಕ್ಕೆ. ನನ್ನ ಸೋದರಸೊಸೆಯ ಮದುವೆಯ ಕರೆಯೋಲೆಯಿಂದ ಕತ್ತರಿಸಿದ್ದು, ಒಂದು ಅಂಚಿನಲ್ಲಿ ಬಂಗಾರದ ಗಣಪತಿ ಇನ್ನೂ ಹೊಳೆಯುತ್ತಿದ್ದ. ಸರಳು ತಗಡಿಗೆ ಸೇರುವ ಕಡೆ ಶೆಟ್ಟೆಪ್ಪ ಸೀಮೆಸುಣ್ಣದಿಂದ ಸುತ್ತಲೂ ದಪ್ಪಗೆ ತೀಡಿದ್ದರು.

ನಾನು ಚಹಾಕ್ಕೆ ನೀರಿಟ್ಟೆ.

"ಒಂದ ಮಾತ್ರಿ," ಎಂದಳು ಇಂದ್ರಾಬಾಯಿ. "ಊರಾಗ ಮಾವ ಇನ್ನೂ ಅದಾನ. ಅವನೂ ಕಮ್ಮಾರಕಿ ಮಾಡಿದವ. ಮಗ ಹೆಂಗ ಸತ್ತ ಅಂದ್ರ ಏನ್ ಹೇಳ್ಲಿ? ನಿನ್ನ ಮಗನ ಕೈಕೆಲಸ ಕಚ್ಚಾ ಇತ್ತು ಅಂತ ಹೇಳ್ಲೇನು?"

ನೀರು ಕುದಿಯತೊಡಗಿತು. ಹೊರಗಿನ ಕೋಣೆಯಲ್ಲಿ ಪೇಪರಿನ ಸದ್ದು ನಿಂತಿತು.

ನಾನು ಒಲೆ ಆರಿಸಿ ಅವಳ ಎದುರಿಗೆ ಕುಳಿತೆ. "ಬೆಸುಗೆ ಚೆನ್ನಾಗಿತ್ತು ಇಂದ್ರಾಬಾಯಿ. ಇಷ್ಟು ದಪ್ಪ ಉಬ್ಬಿತ್ತು, ನಾನು ನೋಡಿದೀನಿ. ತಿಕ್ಕಬೇಡಿ ಅಂತ ನಿಮ್ಮವರು ಇದೇ ಮನೇಲಿ ಕೂತು ಹೇಳಿದ್ರು. ನಮ್ಮವರು ತಿಕ್ಕಿದ್ರು. ಕಾಣಬಾರದು ಅಂತ ಪೂರ್ತಿ ತೇದುಬಿಟ್ರು. ಚೆನ್ನಾಗಿದೆ ಅಂತ ನಾನು ಹೊಗಳಿದೆ."

ಅವಳು ನನ್ನನ್ನು ನೋಡುತ್ತಲೇ ಇದ್ದಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

"ಅವತ್ತ ಕೇಳಿದ್ದೆ ನಾ," ಎಂದಳು ಕೊನೆಗೆ.

"ಕೇಳಿದ್ರಿ."

"ಎರಡು ತಿಂಗಳ ಮ್ಯಾಲಾತು."

ಹೊರಗಿನ ಕೋಣೆಯಿಂದ ಇವರು ಬಂದು ಬಾಗಿಲಲ್ಲಿ ನಿಂತಿದ್ದರು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಚೌಕಟ್ಟು ಹಿಡಿದುಕೊಂಡಿದ್ದರು. "ತಪ್ಪು ನಂದಮ್ಮ," ಎಂದರು.

ಇಂದ್ರಾಬಾಯಿ ಎದ್ದು ಸೆರಗು ಸರಿಪಡಿಸಿಕೊಂಡಳು. "ನನಗ ಒಬ್ಬಾಕಿಗೆ ಒಳಗ ಕೂಡಿಸಿ ಹೇಳಿದ್ರ ಏನಾತ್ರಿ? ಅವ್ರ ಹೆಸರು ಕೆಟ್ಟಿದ್ದು ಬೀದ್ಯಾಗ. ಬೀದ್ಯಾಗ ಹೇಳ್ರಿ." ಚೀಲವನ್ನು ತೆಗೆದುಕೊಂಡಳು. ಕೊಡಲು ಬಂದವಳು ವಾಪಸ್ಸು ಒಯ್ದಳು. ಚಹಾ ಬೇಡವೆನ್ನಲೂ ಇಲ್ಲ, ಕಾಯಲೂ ಇಲ್ಲ.

ಅವಳು ಹೋದ ಮೇಲೆ ಇವರು ಹಳೆಯ ಡ್ರಾಯಿಂಗ್ ಹಲಗೆ ತೆಗೆದು ಕುಳಿತರು. ಒಂದು ಹಾಳೆಯಲ್ಲಿ ಎರಡು ಚಿತ್ರ ಬರೆದರು. ಒಂದು ಶೆಟ್ಟೆಪ್ಪ ಬೆಸೆದದ್ದು, ಇನ್ನೊಂದು ತಾವು ತೇದ ಮೇಲಿನದು. ಮೊದಲಿನದಕ್ಕೆ ಎಷ್ಟು ದಪ್ಪ ಇತ್ತು, ಎರಡನೆಯದಕ್ಕೆ ಎಷ್ಟು ಉಳಿಯಿತು ಎಂದು ಅಳತೆ ಹಾಕಿದರು. ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ರುಜು ಮಾಡಿದರು. ಕಾರ್ಖಾನೆಯಲ್ಲಿ ಪ್ರತಿ ಹಾಳೆಗೂ ಹಾಗೆಯೇ ಮಾಡುತ್ತಿದ್ದರಂತೆ. ಅದರ ಫೋಟೋ ತೆಗೆದು ವಿಕ್ರಂನ ಗುಂಪಿಗೆ ಹಾಕಲು ನನ್ನ ಫೋನ್ ಕೇಳಿದರು.

ಐದು ನಿಮಿಷಕ್ಕೇ ವಿಕ್ರಂ ಫೋನ್ ಮಾಡಿದ. "ಅಕ್ಕ, ಭಾವನಿಗೆ ತಲೆ ಕೆಟ್ಟಿದೆಯಾ? ಮುಗಿದಿದ್ದನ್ನ ಯಾಕೆ ಕೆದಕ್ತಾರೆ? ಪೊಲೀಸರು ಮತ್ತೆ ಬರ್ತಾರೆ."

ಇವರು ಪಕ್ಕದಿಂದಲೇ, "ಬರಲಿ ಅನ್ನು," ಎಂದರು.

ಮಾರನೆಯ ದಿನ ಬೆಳಿಗ್ಗೆ ಗಾಳಾಕ್ಕೆ ಹೋದೆವು. ಧರ್ಮಣ್ಣ ಸಾಮಾನು ಕಟ್ಟುತ್ತಿದ್ದ. ಅಕ್ಕಪಕ್ಕದ ಗಾಳಾದವರು, ಚಹಾದವನು, ಒಬ್ಬ ಟೆಂಪೋ ಡ್ರೈವರ್, ಏಳೆಂಟು ಜನ ಸೇರಿದರು. ಇವರು ಹಾಳೆಯನ್ನು ಹಿಡಿದು ಕನ್ನಡದಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಹೇಳಿದರು. ದನಿ ಎದ್ದಿರಲಿಲ್ಲ, ಹಿಂದೆ ನಿಂತವನು ಇನ್ನೊಮ್ಮೆ ಹೇಳಲು ಕೇಳಿದ. ಇನ್ನೊಮ್ಮೆ ಹೇಳಿದರು. ಇಂದ್ರಾಬಾಯಿ ಶಟರಿನ ಪಕ್ಕ ನಿಂತಿದ್ದಳು.

ಧರ್ಮಣ್ಣ ಹಾಳೆಯನ್ನು ತೆಗೆದುಕೊಂಡು ಎರಡನೆಯ ಚಿತ್ರದ ಮೇಲೆ ಹೆಬ್ಬೆರಳಾಡಿಸಿದ. ಬೆಸೆಯುವವರು ಹಾಗೆಯೇ ನೋಡುವುದು.

"ಫೋಟೋದಾಗ ಉಬ್ಬ ಇರಲಿಲ್ರಿ," ಎಂದ. "ಅಣ್ಣ ಇಷ್ಟ ಕಮ್ಮಿ ತುಂಬ್ಯಾನಲ್ಲ ಅಂದ್ಕೊಂಡೆ. ಇಲ್ಲೇ ನಿಂತು ಬೈದೀನ್ರಿ ಅವಗ. ಸತ್ತವಗ. ದಿನಾ ಬೈದೀನಿ." ಅವನು ಹಾಳೆಯನ್ನು ಕೆಳಗಿಟ್ಟು, ಮುಖದ ಮೇಲೆ ಬೆಸುಗೆಯ ಕಪ್ಪು ಗಾಜಿನ ಮುಖವಾಡ ಎಳೆದುಕೊಂಡ. ಬೆಸೆಯಲು ಎದುರಿಗೆ ಏನೂ ಇರಲಿಲ್ಲ. ಹಾಗೆಯೇ ನಿಂತಿದ್ದ. ಜನ ಒಬ್ಬೊಬ್ಬರಾಗಿ ಚದುರಿದರು.

ಇಂದ್ರಾಬಾಯಿ ನಮ್ಮ ಕಡೆ ತಿರುಗಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಮಾವನಿಗೆ ತೋರಿಸಲು ಇರಬೇಕು. ಅಂದು ಸಂಜೆಯ ಗಾಡಿಗೆ ಊರಿಗೆ ಹೋದಳೆಂದು ತಿಳಿಯಿತು.

ಧರ್ಮಣ್ಣ ಗಾಳಾ ಬಿಟ್ಟನೋ ಇಲ್ಲವೋ ನೋಡಲು ನಾನು ಆ ದಾರಿಯಲ್ಲಿ ಹೋಗಿಲ್ಲ. ಸ್ಟೇಷನ್ನಿಗೆ ಈಗ ಸುತ್ತು ಹಾಕಿ ಹೋಗುತ್ತೇನೆ.

ಮೊನ್ನೆ ಭಾನುವಾರ ಪೂಜೆ ಮುಗಿಸಿ ಅಪ್ಪನ ದನಿ ಹಾಕಿದೆ. ಕೆಳಗೆ ಯಾವ ಸದ್ದೂ ಇರಲಿಲ್ಲ. ಅಂದು ನಡುವಿನಲ್ಲಿ ನಿಂತುಹೋಗಿದ್ದ ಪದ್ಯವನ್ನೇ ಮೊದಲಿನಿಂದ ಕೇಳಿದೆ. ಮೂರನೆಯ ಸಾಲು ಮುಗಿದು ನಾಲ್ಕನೆಯದು ಏಳುವ ಕಡೆ ಅಪ್ಪ ಉಸಿರು ತೆಗೆದುಕೊಂಡದ್ದು ಕೇಳಿಸಿತು. ಮುದುಕರ ಉಸಿರು, ಸ್ವಲ್ಪ ಗೊರಗೊರ. ಹಿಂದೆಯೂ ಇದ್ದೇ ಇರಬೇಕು. ನಿಲ್ಲಿಸಿ, ಹಿಂದಕ್ಕೆ ತಂದು, ಅದನ್ನೇ ಮತ್ತೆ ಕೇಳಿದೆ.